ಬಾಲಿ ದ್ವೀಪದಲ್ಲಿ ಒಂದು ದಿನದ ದೇವದರ್ಶನ

(ಬ್ರಹ್ಮಕಲಶೋತ್ಸವದ ಧಾರ್ಮಿಕ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಎಲೆ, ಅಡಿಕೆ, ಸುಣ್ಣ ಇಲ್ಲದೆ ನಮ್ಮ ಕಾಸರಗೋಡು ಸೀಮೆಯಲ್ಲಿ ಯಾವ ಶುಭಕಾರ್ಯ ತೊಡಗುತ್ತದೆ? ಕಡಲಾಚೆ, ಭೂಮಧ್ಯರೇಖೆಯಿಂದ ತುಸು ತೆಂಕಿಗಿರುವ ಬಾಲಿ ದ್ವೀಪದಲ್ಲೂ ಹೀಗೆಯೇ. ಇಂಡೋನೇಷ್ಯಾ ದೇಶದಲ್ಲಿ ಮುಸಲ್ಮಾನರು ಬಹುಸಂಖ್ಯಾತರು. ಆದರೆ ಈ ಒಂದು ದ್ವೀಪದಲ್ಲಿ ಹತ್ತರಲ್ಲಿ ಎಂಟಕ್ಕಿಂತ ಹೆಚ್ಚು ಮಂದಿ ಹಿಂದೂಗಳು. ಅಲ್ಲಿ ಬೆಳಗಾದರೆ ಮನೆಯ ಹೆಂಗಸರು ತೆಂಗಿನ ಎಳೆಗರಿಯಿಂದ ಅಂಗೈಯಗಲದ ತಟ್ಟೆ ಹೆಣೆದು ಬಾಗಿಲಿಗೆ, ಅಂಗಡಿಯ ಮುಂದೆ, ಕವಲುದಾರಿಗೆ ಇಟ್ಟು ಊದುಬತ್ತಿ ಹಚ್ಚುತ್ತಾರೆ. 'ಚನಾಂಗ್ ಸಾರಿ' ಎಂದು ಅದರ ಹೆಸರು. ಒಳಗಿನ ಎಲೆಯ ಹಸಿರು ವಿಷ್ಣು, ಅಡಿಕೆಯ ಕೆಂಪು ಬ್ರಹ್ಮ, ಸುಣ್ಣದ ಬಿಳುಪು ಶಿವ. ಮೇಲೆ ಪೂರ್ವಕ್ಕೆ ಬಿಳಿ, ದಕ್ಷಿಣಕ್ಕೆ ಕೆಂಪು, ಪಶ್ಚಿಮಕ್ಕೆ ಹಳದಿ, ಉತ್ತರಕ್ಕೆ ನೀಲಿ ಅಥವಾ ಹಸಿರು ಹೂ. ಅರ್ಪಿಸಿದ ಮೇಲೆ ನಾಯಿಯೋ ಕೋಳಿಯೋ ಬಂದು ಮುಟ್ಟಿದರೆ ಯಾರೂ ಅಟ್ಟುವುದಿಲ್ಲ. ಸಂದದ್ದು ಸಂದಾಯಿತು.

ಒಂದೇ ದಿನದ ಅವಕಾಶವಿರುವ ಯಾತ್ರಿಕ ಉಬುದ್ ಪಟ್ಟಣದಿಂದ ಬೆಳಿಗ್ಗೆ ಬೇಗ ಹೊರಡುವುದು ಒಳ್ಳೆಯದು. ಮೊದಲಿಗೆ ತಂಪಕ್‌ಸಿರಿಂಗಿನ ತೀರ್ಥ ಎಂಪುಲ್. 10ನೇ ಶತಮಾನದಿಂದ ಪ್ರಸಿದ್ಧವಾದ ಚಿಲುಮೆಯಿದು. ಮಯದಾನವನೆಂಬ ರಾಜ ನೀರಿಗೆ ವಿಷ ಬೆರೆಸಿ ದೇವಸೇನೆಯನ್ನು ಕೆಡವಿದಾಗ ಇಂದ್ರನು ನೆಲ ಸೀಳಿ ಈ ತೀರ್ಥವನ್ನು ಚಿಮ್ಮಿಸಿದನೆಂದು ಸ್ಥಳಪುರಾಣ. ಪಂಚೆಯಂಥ ಸರೋಂಗ್ ಉಟ್ಟು ಸೊಂಟಕ್ಕೆ ವಸ್ತ್ರ ಬಿಗಿದೇ ಒಳಗೆ ಹೋಗಬೇಕು. ಸೂತಕವುಳ್ಳವರಿಗೆ ಅಲ್ಲಿಯೂ ಪ್ರವೇಶವಿಲ್ಲ. ಸಾಲಾಗಿ ಬೀಳುವ ಧಾರೆಗಳಿಗೆ ಭಕ್ತರು ಒಂದೊಂದಾಗಿ ತಲೆಯೊಡ್ಡುತ್ತ ಬಂದು ಎರಡನ್ನು ಮಾತ್ರ ಮುಟ್ಟದೆ ದಾಟುತ್ತಾರೆ. ಅವು ಗತಿಸಿದವರ ಕ್ರಿಯೆಗೆ ಮೀಸಲು. ತಿಳಿಯದ ಪ್ರವಾಸಿಗರು ಅದಕ್ಕೂ ತಲೆಯೊಡ್ಡಿ ಫೋಟೋ ತೆಗೆಸಿಕೊಳ್ಳುವುದುಂಟು!

ಬಾಲಿಯ ಗುಡಿಗಳಲ್ಲಿ ನಮ್ಮಲ್ಲಿಯಂತೆ ನಿತ್ಯಪೂಜೆಗೊಳ್ಳುವ ಮೂರ್ತಿಯನ್ನು ಹುಡುಕಿದರೆ ನಿರಾಶೆಯಾದೀತು. ಪದ್ಮಾಸನವೆಂಬ ಎತ್ತರದ ಕಲ್ಲಿನ ಪೀಠ ಬರಿದಾಗಿಯೇ ಇರುತ್ತದೆ. ಅವರ 210 ದಿನಗಳ ಪಂಚಾಂಗದಂತೆ ಸುತ್ತಿ ಬರುವ 'ಓಡಲಾನ್' ಉತ್ಸವದಲ್ಲಿ ದೇವರು ಇಳಿದು ಬರುವನು, ನೈವೇದ್ಯ ಸ್ವೀಕರಿಸಿ ಮರಳುವನು ಎಂಬುದು ನಂಬಿಕೆ. ಪೂಜಾರಿ ತೀರ್ಥ ಚಿಮುಕಿಸಿ ಹಣೆಗೆ ಒದ್ದೆ ಅಕ್ಕಿಕಾಳು ಅಂಟಿಸುತ್ತಾನೆ. ನಮ್ಮ ಅಕ್ಷತೆಯನ್ನು ಅವರು 'ಬೀಜ' ಎನ್ನುತ್ತಾರೆ. ಅವರ ತ್ರಿಸಂಧ್ಯಾ ಪ್ರಾರ್ಥನೆಯ ಮೊದಲಿಗೆ ಬರುವುದು ಗಾಯತ್ರಿಯೇ.

ಇನ್ನು ಮಧ್ಯಾಹ್ನದ ಊಟ. ಇಲ್ಲಿ ಸಸ್ಯಾಹಾರಿಗಳಿಗೆ ಒಂದು ಎಚ್ಚರಿಕೆ. ಬಾಲಿಯ ಹಬ್ಬದಡುಗೆಯಲ್ಲಿ ಹಂದಿ, ಬಾತುಕೋಳಿ ಸರ್ವೇಸಾಮಾನ್ಯ. ತರಕಾರಿ ಎಂದು ಕೊಟ್ಟದ್ದರ ಮಸಾಲೆಯಲ್ಲೂ ಸಿಗಡಿಯ ಹಿಂಡಿ ಬೆರೆತಿರಬಹುದು. ಕೇಳಿಯೇ ಉಣ್ಣಬೇಕು. ಕೇಳಿದರೆ ಸಿಗುವುದು ಕಡಿಮೆಯೇನಲ್ಲ. ಬೆಂದ ಸೊಪ್ಪು, ಅಲಸಂಡೆಗೆ ತೆಂಗಿನತುರಿ ಬೆರೆಸಿದ 'ಉರಾಪ್' ನಮ್ಮ ಪಲ್ಯದ ಅಣ್ಣತಮ್ಮ. ಸೋಯಾಕಾಳನ್ನು ಹುದುಗಿಸಿ ಕರಿದ 'ತೆಂಪೆ' ಇದೆ. ಕಪ್ಪಕ್ಕಿಯನ್ನು ಬೇಯಿಸಿ, ತಾಳೆಬೆಲ್ಲ, ತೆಂಗಿನಹಾಲು ಸುರಿದ 'ಬುಬುರ್ ಇಂಜಿನ್' ಬಂದರಂತೂ ನಮ್ಮ ಊರವರಿಗೆ ಪಾಯಸದ ಪಂಕ್ತಿಯಲ್ಲಿ ಕುಳಿತಂತೆಯೇ. ಉತ್ಸವದ ಮುಂಜಾವಿನಲ್ಲಿ ಕೊಚ್ಚುವ, ಅರೆಯುವ ಕೆಲಸಕ್ಕೆ ಊರ ಗಂಡಸರೇ ಸೇರುತ್ತಾರೆ. ನಮ್ಮ ಜಾತ್ರೆಯ ಮುನ್ನಾದಿನ ತರಕಾರಿ ಹೆಚ್ಚಲು ಸೇರುವವರು ಇದನ್ನು ಕೇಳಿ ಸಂತೋಷಪಡಬೇಕು.

ಊಟದ ಬಳಿಕ ಘಟ್ಟ ಹತ್ತಿದರೆ ಬೆರತಾನ್ ಸರೋವರ. 1633ರಲ್ಲಿ ಕಟ್ಟಿದ ಉಲುನ್ ದಾನು ದೇವಾಲಯದ ಹನ್ನೊಂದು ಮಾಡಿನ ಗೋಪುರ ನೀರಿನ ಮೇಲೆ ತೇಲುವಂತೆ ಕಾಣುತ್ತದೆ. ಸರೋವರ ಕ್ಷೇತ್ರವಾದ ಅನಂತಪುರವನ್ನು ಕಂಡವರಿಗೆ ಅದು ಹೊಸತೆನಿಸದು. ಅಧಿದೇವತೆ ದೇವಿ ದಾನು, ಸರೋವರದ ತಾಯಿ. ಇಂಥ ಗುಡಿಗಳು ಬರೀ ಕೈಮುಗಿಯುವ ಸ್ಥಾನಗಳಲ್ಲ ಎಂಬುದನ್ನು ಇಲ್ಲಿ ಸ್ವಲ್ಪ ವಿವರವಾಗಿ ಹೇಳಬೇಕು.

ಬಾಲಿಯ ರೈತರು 'ಸುಬಾಕ್' ಎಂಬ ನೀರಿನ ಕೂಟಗಳಲ್ಲಿ ಸೇರಿರುತ್ತಾರೆ. ಯಾವ ಬಯಲು ಯಾವಾಗ ನಾಟಿ ಮಾಡಬೇಕು, ಯಾವುದು ಹಡಿಲು ಬಿಡಬೇಕು ಎಂಬುದು ನೀರಿನ ಗುಡಿಗಳಲ್ಲಿ ತೀರ್ಮಾನವಾಗುತ್ತದೆ. ಎಲ್ಲರೂ ಒಟ್ಟಿಗೆ ನಾಟಿ ಮಾಡಿದರೆ ನೀರು ಸಾಲದು. ಪ್ರತಿಯೊಬ್ಬನೂ ಮನಬಂದಾಗ ಮಾಡಿದರೆ ಕೀಟಗಳಿಗೆ ವರ್ಷವಿಡೀ ಮೇವು. ಒಂದು ಬಯಲಿಡೀ ಒಮ್ಮೆಲೇ ಹಡಿಲು ಬಿದ್ದರೆ ಕೀಟಕ್ಕೆ ಉಪವಾಸ. 1970ರ ದಶಕದಲ್ಲಿ ಅಧಿಕ ಇಳುವರಿಯ ತಳಿ ಬಂತು. ಗುಡಿಯ ಕ್ರಮ ಬಿಟ್ಟು ಸಾಧ್ಯವಾದಷ್ಟು ಸಲ ಬೆಳೆಯಿರಿ ಎಂದು ಸರಕಾರದ ಒತ್ತಾಯವಾಯಿತು. ಕೆಲವೇ ವರ್ಷಗಳಲ್ಲಿ ಜಿಗಿಹುಳ ಗದ್ದೆಗಳನ್ನು ಸುಟ್ಟಂತೆ ಮಾಡಿತು, ನೀರಿಗೆ ಜಗಳ ಹತ್ತಿತು. ಸ್ಟೀಫನ್ ಲ್ಯಾನ್ಸಿಂಗ್ ಎಂಬ ಅಮೆರಿಕದ ವಿದ್ವಾಂಸರು ಜೊತೆಗಾರರೊಡನೆ ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ, ಗುಡಿಗಳ ಕ್ರಮದಲ್ಲೇ ಇಳುವರಿ ಹೆಚ್ಚೆಂದು ತೋರಿಸಿದರು. ರೈತರು ಅಷ್ಟರಲ್ಲಾಗಲೇ ಹಳೆಯ ಕ್ರಮಕ್ಕೆ ಮರಳತೊಡಗಿದ್ದರು! 2012ರಲ್ಲಿ ಯುನೆಸ್ಕೋ ಸುಬಾಕ್ ವ್ಯವಸ್ಥೆಯನ್ನು ವಿಶ್ವಪರಂಪರೆಗೆ ಸೇರಿಸಿತು. ಆದರೆ ಗದ್ದೆಗಳು ವಸತಿಗೃಹಗಳಾಗುವುದು ನಿಂತಿಲ್ಲ, ನೀರಿನ ಪಾಲು ಹೋಟೆಲುಗಳತ್ತಲೂ ಹರಿಯುತ್ತಿದೆ. ಸುರಂಗದ ನೀರಿನಿಂದ ಅಡಿಕೆ ತೋಟ ಎಬ್ಬಿಸಿ, ಈಗ ಕೊಳವೆಬಾವಿ ಕೊರೆಸುವ ನಮ್ಮ ಸೀಮೆಯವರಿಗೆ ಈ ಸಂಕಟ ಅರ್ಥವಾಗದ್ದಲ್ಲ.

ಸಂಜೆಗೆ ಕಡಲತಡಿಯ ತಾನಾ ಲೋಟ್. 16ನೇ ಶತಮಾನದಲ್ಲಿ ಜಾವಾದಿಂದ ಬಂದ ನಿರರ್ಥರೆಂಬ ಪುರೋಹಿತರ ಹೆಸರಿಗೆ ಹೊಂದಿದ ಬಂಡೆಯ ಗುಡಿ. ಅಲೆ ಕೊರೆದು ಬಂಡೆ ಕುಸಿಯತೊಡಗಿದ್ದರಿಂದ ಹಲವೆಡೆ ಕೃತಕ ಕಲ್ಲಿನಿಂದ ಭದ್ರಪಡಿಸಿದ್ದಾರೆ. ಎದುರಿನ ಗುಹೆಯಲ್ಲಿ ನಾಗಗಳನ್ನು ಕಾವಲುದೈವವೆಂದು ಕಾಪಾಡುತ್ತಾರೆ. ಬಂಡೆಯ ಬುಡದಲ್ಲಿ, ಉಪ್ಪುನೀರಿನ ನಡುವೆಯೇ, ಸಿಹಿನೀರಿನ ಚಿಲುಮೆಯೊಂದುಂಟು. ಅದನ್ನೇ ತೀರ್ಥವಾಗಿ ಕೊಟ್ಟು ಹಣೆಗೆ ಬೀಜವಿಟ್ಟು ಕಿವಿಗೆ ಹೂ ಮುಡಿಸುತ್ತಾರೆ. ಭರತ ಬಂದರೆ ದಾರಿ ಮುಳುಗುತ್ತದೆ, ಜನರು ದಡ ಸೇರುತ್ತಾರೆ. ದಡದಲ್ಲಿ ಹೆಂಗಸರು ಅಕ್ಕಿಹಿಟ್ಟಿನ ಪುಟ್ಟ ಹಸಿರು ಉಂಡೆಗಳನ್ನು ತೆಂಗಿನತುರಿಯಲ್ಲಿ ಹೊರಳಿಸಿ ಮಾರುತ್ತಿರುತ್ತಾರೆ. 'ಕ್ಲೆಪೊನ್' ಎಂದು ಹೆಸರು. ಒಂದೇ ತುತ್ತಿಗೆ ಬಾಯಿಗಿಡಬೇಕು; ಕಚ್ಚಿದರೆ ಒಳಗಿನ ಬೆಲ್ಲದ ಪಾಕ ಅಂಗಿಯ ಮೇಲೆ.