ಡಿಎನ್‌ಎಯೊಳಗೆ ವಿದ್ಯುತ್ ಹರಿಯುವುದೇ?



ಡಿಎನ್‌ಎ ನಮಗೆ ಗೊತ್ತಿರುವುದು ವಂಶವಾಹಿ ಮಾಹಿತಿಯ ಉಗ್ರಾಣವಾಗಿ. ಅದರ ಮೂಲಕ ವಿದ್ಯುತ್ತೂ ಹರಿಯಬಹುದೆಂದು ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿದ್ದ ವಿಜ್ಞಾನಿಗಳಾದ ಎಲೀ ಮತ್ತು ಸ್ಪೈವಿ 1962ರಲ್ಲೇ ಸೂಚಿಸಿದ್ದರು. ಅದಕ್ಕೆ ಆಧಾರ ಅಣುವಿನ ರಚನೆಯೇ. ಡಿಎನ್‌ಎಯ ಪ್ರತ್ಯಾಮ್ಲ ಜೋಡಿಗಳು ಪೇರಿಸಿಟ್ಟ ನಾಣ್ಯಗಳಂತೆ ಒಂದರ ಮೇಲೊಂದು ಕೂತಿವೆ. ನಡುವಿನ ಅಂತರ ಬರೀ 0.34 ನ್ಯಾನೊಮೀಟರ್. ಅಷ್ಟು ಹತ್ತಿರದಲ್ಲಿ ಅವುಗಳ ಇಲೆಕ್ಟ್ರಾನ್ ಮೋಡಗಳು ಒಂದಕ್ಕೊಂದು ತಾಗುತ್ತವೆ; ಹಾಗಾಗಿ ಇಲೆಕ್ಟ್ರಾನ್ ಒಂದರಿಂದ ಇನ್ನೊಂದಕ್ಕೆ ದಾಟಬಹುದು.

1993ರಲ್ಲಿ ಅಮೆರಿಕದ ಕ್ಯಾಲ್‌ಟೆಕ್‌ನ ಜಾಕ್ವೆಲಿನ್ ಬಾರ್ಟನ್ ತಂಡ ಈ ಸೂಚನೆಯನ್ನು ಪರೀಕ್ಷೆಗಿಟ್ಟಿತು. ಡಿಎನ್‌ಎ ತುಣುಕಿನ ಒಂದು ತುದಿಗೆ ಅಂಟಿಸಿದ್ದು ಬೆಳಕು ಬಿದ್ದರೆ ಹೊಳೆಯುವ ರುಥೇನಿಯಂ ಸಂಯುಕ್ತ, ಇನ್ನೊಂದು ತುದಿಗೆ ಇಲೆಕ್ಟ್ರಾನ್ ಸೆಳೆಯುವ ರೋಡಿಯಂ ಸಂಯುಕ್ತ. ಎರಡೂ ಇದ್ದಾಗ ರುಥೇನಿಯಂನ ಹೊಳಪು ಆರಿಹೋಯಿತು. ಇಲೆಕ್ಟ್ರಾನ್ ಸುಮಾರು 4 ನ್ಯಾನೊಮೀಟರ್ ದಾಟಿತ್ತು ಎಂಬುದು ಅವರ ತೀರ್ಮಾನ.

ಆಮೇಲೆ ಶುರುವಾದದ್ದು ಗೊಂದಲ. 1999ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್‌ನ ಸಂಶೋಧಕರು ಡಿಎನ್‌ಎ ಒಳ್ಳೆಯ ವಾಹಕ ಎಂದರು. 2000ದಲ್ಲಿ ನೆದರ್ಲೆಂಡ್ಸ್‌ನ ಡೆಲ್ಫ್ಟ್‌ನ ಸಂಶೋಧಕರು ಅರೆವಾಹಕ ಎಂದರು. ಅವಾಹಕವೆಂದು ಕಂಡುಕೊಂಡವರೂ ಇದ್ದರು. ಫಲಿತಾಂಶ ಹೀಗೆ ಹರಿದು ಹಂಚಿಹೋಗಲು ಕಾರಣಗಳು ಹಲವು: ಒಣಗಿಸಿದರೆ ಡಿಎನ್‌ಎ ಸುರುಳಿಯ ಆಕಾರ ಕೆಡುತ್ತದೆ, ಲೋಹದ ಜೊತೆಗಿನ ಬೆಸುಗೆ ಎಲ್ಲೆಡೆ ಒಂದೇ ಥರ ಇರುವುದಿಲ್ಲ, ಪ್ರತ್ಯಾಮ್ಲಗಳ ಅನುಕ್ರಮವೂ ಬೇರೆ ಬೇರೆ.

2004ರಲ್ಲಿ ಅರಿಜೋನಾದ ನೊಂಗ್‌ಜಿಯಾನ್ ತಾವೊ ತಂಡ ಡಿಎನ್‌ಎಯನ್ನು ನೀರಿನಲ್ಲೇ ಇಟ್ಟು, ಚಿನ್ನದ ಎರಡು ತುದಿಗಳ ನಡುವೆ ಒಂದೊಂದೇ ಅಣುವನ್ನು ಹಿಡಿದು ಅಳೆಯಿತು. ಗ್ವಾನಿನ್-ಸೈಟೊಸಿನ್ ಜೋಡಿಗಳಿದ್ದಲ್ಲಿ ಉದ್ದ ಹೆಚ್ಚಿದಂತೆ ವಾಹಕತೆ ನಿಧಾನವಾಗಿ ತಗ್ಗಿತು. ನಡುವೆ ಅಡೆನಿನ್-ಥೈಮಿನ್ ಜೋಡಿಗಳು ಬಂದಂತೆಲ್ಲ ಸರ್ರನೆ ಕುಸಿಯಿತು. ಕಾರಣ ಇದು: ನಾಲ್ಕು ಪ್ರತ್ಯಾಮ್ಲಗಳಲ್ಲಿ ಅತಿ ಸುಲಭವಾಗಿ ಇಲೆಕ್ಟ್ರಾನ್ ಬಿಟ್ಟುಕೊಡುವುದು ಗ್ವಾನಿನ್. ದೂರದ ಪ್ರಯಾಣದಲ್ಲಿ ವಿದ್ಯುದಾವೇಶ ಗ್ವಾನಿನ್‌ನಿಂದ ಗ್ವಾನಿನ್‌ಗೆ ಜಿಗಿಯುತ್ತ ಸಾಗುತ್ತದೆ.

ಹಾಗಾದರೆ ತಾಮ್ರದ ತಂತಿಯ ಜಾಗಕ್ಕೆ ಡಿಎನ್‌ಎ ಬಂದೀತೆ? ನನ್ನ ಮಟ್ಟಿಗೆ ಆ ಪ್ರಶ್ನೆ ಮುಖ್ಯವಲ್ಲ; ಮುಖ್ಯವಾದದ್ದು ಬೇರೆ. ಒಂದೇ ಒಂದು ಜೋಡಿ ತಪ್ಪಾಗಿ ಕೂಡಿದ್ದರೂ ಆ ಪೇರಿಕೆ ಸಡಿಲಗೊಂಡು ಪ್ರವಾಹ ಇಳಿಯುತ್ತದೆ. ಇದನ್ನೇ ಬಳಸಿ ಡಿಎನ್‌ಎಯಲ್ಲಿನ ದೋಷವನ್ನು ವಿದ್ಯುತ್ತಿನಿಂದ ಪತ್ತೆಹಚ್ಚುವ ವಿಧಾನವನ್ನು ಬಾರ್ಟನ್ ತಂಡವೇ ರೂಪಿಸಿದೆ. ಡಿಎನ್‌ಎಯ ವಾಹಕತೆಗೆ ನಿಜವಾದ ಬೆಲೆ ಇರುವುದು ಇಲ್ಲಿ.

ಇನ್ನು ಮುಂದೆ ಡಿಎನ್‌ಎ ತಂತಿಯ ಸುದ್ದಿ ಓದಿದಾಗ ಮೂರು ಪ್ರಶ್ನೆ ಕೇಳಿ: ಅನುಕ್ರಮ ಯಾವುದು, ಅಣು ನೀರಿನಲ್ಲಿತ್ತೇ, ಲೋಹಕ್ಕೆ ಹೇಗೆ ಬೆಸೆದರು? ಇವಕ್ಕೆ ಉತ್ತರ ಕೊಡದ ಸುದ್ದಿಯನ್ನು ನಂಬಲು ಅವಸರ ಮಾಡಬೇಡಿ.