ಸಂಜೆಯ ಕೋಪ
(ತೋಟದ ಕುಟುಂಬಗಳ ಕೂಟದಲ್ಲಿ ಮಾಡಿದ ಭಾಷಣ)



ನೀಲಗಿರಿಯಲ್ಲಾಗಲಿ ವಯನಾಡಿನಲ್ಲಾಗಲಿ, ಲೈನ್‌ಮನೆಯಲ್ಲಿ ಆಡಿದ ಮಾತು ಪಕ್ಕದ ಮನೆಗೆ ಕೇಳಿಸುತ್ತದೆ. ಯಾರ ಮನೆಯಲ್ಲಿ ಯಾವಾಗ ಕೂಗಾಟವೆಂಬುದು ನಮಗೆಲ್ಲ ತಿಳಿದದ್ದೇ. ಹೆಚ್ಚಾಗಿ ಅದು ಸಂಜೆ, ಕೆಲಸ ಬಿಟ್ಟು ಬಂದ ಒಂದು ಗಂಟೆಯೊಳಗೆ. ಸಾರಿಗೆ ಉಪ್ಪು ಹೆಚ್ಚಾಯಿತು, ಮಗು ಅತ್ತಿತು, ಇಷ್ಟೇ ನೆಪ.

ಕೋಪ ಹುಟ್ಟಿದ್ದು ಸಾರಿನಿಂದಲ್ಲ. ನಸುಕಿನಲ್ಲೆದ್ದು ನೀರು ಹಿಡಿದು ಅರೆಹೊಟ್ಟೆಯಲ್ಲಿ ಗುಡ್ಡ ಹತ್ತಿದೆವು. ಮಳೆ, ಜಿಗಣೆ. ಎಲೆ ಒದ್ದೆಯೆಂದು ಹೆಂಗಸರ ತೂಕದಲ್ಲಿ ಎರಡು ಕಿಲೋ ಕಳೆದರು. ಮದ್ದು ಹೊಡೆಯುವ ಗಂಡಸರನ್ನು ಮೇಸ್ತ್ರಿ ನಾಲ್ಕು ಜನರ ಮುಂದೆ ಬೈದ. ಎಲ್ಲವನ್ನೂ ನುಂಗಿಕೊಂಡೆವು. ಅವಮಾನವಾದಾಗ ದೇಹ ಜಗಳಕ್ಕೆ ಸಿದ್ಧವಾಗುತ್ತದೆ; ಅಡ್ರಿನಲಿನ್ ಎಂಬ ರಸ ರಕ್ತಕ್ಕೆ ಸೇರಿ ಎದೆ ಬಡಿದುಕೊಳ್ಳುತ್ತದೆ, ದವಡೆ ಬಿಗಿಯುತ್ತದೆ. ಹಸಿವು, ನಿದ್ದೆಗೇಡು ಜೊತೆಗೂಡಿದರೆ ತಾಳ್ಮೆ ಇನ್ನೂ ಕುಗ್ಗುತ್ತದೆ. ಅತ್ತೆಯ ಮೇಲಿನ ಕೋಪ ಕೊತ್ತಿಯ ಮೇಲೆ ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ.

ಗಂಡಸರು ಬೇಸರಿಸಬಾರದು, ಒಂದು ಮಾತು ಹೇಳಲೇಬೇಕು. ಕೋಪದಲ್ಲಿ ಕಣ್ಣು ಕಾಣಲಿಲ್ಲ ಎನ್ನುತ್ತೇವೆ. ಮೇಸ್ತ್ರಿಯ ಮುಂದೆ ಕಣ್ಣು ಚೆನ್ನಾಗಿಯೇ ಕಂಡಿತಲ್ಲ! ಕೈ ಎತ್ತಿದರೆ ಕೆಲಸ ಹೋದೀತೆಂಬ ಲೆಕ್ಕವೂ ತಲೆಯಲ್ಲಿತ್ತು. ಅಲ್ಲಿ ತಡೆದ ಕೈಯನ್ನು ಮನೆಯಲ್ಲಿಯೂ ತಡೆಯಬಹುದು. ಹೆಂಡತಿಯೂ ಅದೇ ಗುಡ್ಡದಿಂದ ಇಳಿದು ಬಂದವಳು. ಅವಳಿಗೆ ಒಲೆ ಇನ್ನೂ ಬಾಕಿಯಿದೆ.

ಹಾಗಾದರೆ ಮಾಡುವುದೇನು? ಮನೆಗೆ ಬಂದೊಡನೆ ದುಡ್ಡಿನ ಮಾತು, ಸಾಲದ ಮಾತು, ಮಗನ ಮಾರ್ಕಿನ ಮಾತು ಎತ್ತುವುದು ಬೇಡ. ಕೈಕಾಲು ತೊಳೆದು, ಒಂದು ಲೋಟ ಚಹಾದ ಜೊತೆ ಬೇಯಿಸಿದ ಗೆಣಸೋ ಅವಲಕ್ಕಿಯೋ ಹೊಟ್ಟೆಗೆ ಬೀಳಲಿ. ಒಬ್ಬರು ಒಲೆ ಹಚ್ಚಿದರೆ ಇನ್ನೊಬ್ಬರು ಮಗುವನ್ನು ಎತ್ತಿಕೊಳ್ಳಲಿ. ದವಡೆ ಬಿಗಿಯುತ್ತಿದೆ, ದನಿ ಏರುತ್ತಿದೆ ಎನ್ನಿಸಿತೋ, "ಆಮೇಲೆ ಮಾತಾಡೋಣ" ಎಂದು ಹೇಳಿಯೇ ಹೊರಗೆ ಹೋಗಿರಿ. ಹೇಳದೆ ಎದ್ದು ಹೋದರೆ ಅದೇ ಇನ್ನೊಂದು ಜಗಳ. ನಲ್ಲಿಯವರೆಗೆ ನಡೆದು, ಉಸಿರನ್ನು ನಿಧಾನವಾಗಿ ಬಿಡುತ್ತಾ ಹಿಂತಿರುಗಿರಿ. ಸಾರಾಯಿ ಅಂಗಡಿಯವರೆಗೆ ಬೇಡ. ಕುಡಿದರೆ ಬೇಗ ನಿದ್ದೆ ಬರುವುದು ನಿಜ, ಆದರೆ ಅದು ನಡುರಾತ್ರಿಯಲ್ಲಿ ಒಡೆಯುತ್ತದೆ. ಮರುದಿನದ ಸಿಡುಕಿಗೆ ಅಲ್ಲೇ ಬೀಜ.

ತೂಕದ ಅನ್ಯಾಯ ಇದರಿಂದ ಸರಿಹೋಗುವುದಿಲ್ಲ, ನಿಜ. ಅದಕ್ಕೆ ಬೇರೆ ದಾರಿ. ದಿನದ ಕಿಲೋ, ಕಳೆದ ಕಿಲೋ ಎರಡನ್ನೂ ಮಕ್ಕಳ ಹಳೆಯ ನೋಟ್‌ಬುಕ್ಕಿನಲ್ಲಿ ಬರೆದಿಡೋಣ. ಹತ್ತು ಮನೆಯ ಲೆಕ್ಕವನ್ನು ಒಟ್ಟಿಗೆ ಯೂನಿಯನ್ನಿನವರ ಮುಂದಿಟ್ಟರೆ ಅದು ಒಬ್ಬಳ ಗೊಣಗಾಟವಾಗಿ ಉಳಿಯುವುದಿಲ್ಲ.

ಪಕ್ಕದ ಮನೆಯಲ್ಲಿ ಕೂಗಾಟ ಏರಿದರೆ ಬಾಗಿಲು ತಟ್ಟಿ ಬೆಂಕಿಪೊಟ್ಟಣ ಕೇಳಿರಿ. ಎಷ್ಟೋ ಸಲ ಅಷ್ಟೇ ಸಾಕಾಗುತ್ತದೆ. ಸಾಕಾಗದಿದ್ದರೆ, ಏಟು ತಿನ್ನುವ ಹೆಂಗಸಿಗೆ 2005ರ ಕೌಟುಂಬಿಕ ಹಿಂಸೆ ತಡೆ ಕಾನೂನು ಇದೆ, 181 ಎಂಬ ಫೋನ್ ಸಂಖ್ಯೆಯೂ ಇದೆ. ಕೋಪ ಹತೋಟಿಗೆ ಬಾರದವರು, ನಿದ್ದೆ ಬಾರದವರು 14416ಕ್ಕೆ ಮಾತಾಡಬಹುದು. 2022ರ ಅಕ್ಟೋಬರಿನಲ್ಲಿ ಕೇಂದ್ರ ಸರಕಾರ ಆರಂಭಿಸಿದ ಟೆಲಿ ಮಾನಸ್ ಅದು. ಹಗಲಿರುಳೂ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲಿಯೂ ಮಾತಾಡುತ್ತಾರೆ. ಮನೆಗೆ ಹೋದ ಮೇಲೆ ಈ ಎರಡು ಸಂಖ್ಯೆಗಳನ್ನು ಮಕ್ಕಳ ಕೈಯಿಂದ ಬಾಗಿಲ ಹಿಂದೆ ದೊಡ್ಡದಾಗಿ ಬರೆಯಿಸಿರಿ.