ಮನೆಯಿಂದ ಮೇಘಕ್ಕೆ

ರೇಡಿಯೋ ಏಕಮುಖವಾದ ಸಾಧನ. ನಿಲಯವು ನುಡಿಯುತ್ತದೆ, ಮನೆಯು ಆಲಿಸುತ್ತದೆ. ಅಂತರಜಾಲದ ತಂತಿಯನ್ನು ಮನೆಮನೆಗೆ ಎಳೆದವರೂ ಬಹುಮಟ್ಟಿಗೆ ಇದೇ ಭಾವನೆಯಿಂದ ಎಳೆದರು. ಗೃಹಸ್ಥನು ಓದುವವನು, ನೋಡುವವನು. ಅವನಿಂದ ಹೊರಕ್ಕೆ ಹೋಗಬೇಕಾದುದು ಏನಿದ್ದೀತು? ಆದ್ದರಿಂದ ಟೆಲಿಫೋನ್ ತಂತಿಯ ಮೇಲೆ ನಡೆಯುವ ಏಡಿಎಸ್‌ಎಲ್ ಎಂಬ ಏರ್ಪಾಟಿನಲ್ಲಿ ದಾರಿಯನ್ನು ಸಮಪಾಲು ಮಾಡಲಿಲ್ಲ. 1999ರ ಅಂತರರಾಷ್ಟ್ರೀಯ ಮಾನಕದಂತೆ ಬರುವ ದಾರಿಗೆ ಸೆಕೆಂಡಿಗೆ ಸುಮಾರು 8 ಮೆಗಾಬಿಟ್, ಹೋಗುವ ದಾರಿಗೆ 1ರ ಆಸುಪಾಸು. ಹೆಸರಿನ ಮೊದಲಕ್ಷರವೇ ‘ಅಸಮ’ ಎಂದು ಸಾರುತ್ತದೆ. ನಮ್ಮಲ್ಲಿ 2005ರಲ್ಲಿ ಬಿಎಸ್‌ಎನ್‌ಎಲ್ ತಂದ ಬ್ರಾಡ್‌ಬ್ಯಾಂಡೂ ಈ ಬಗೆಯದೇ.

ಅನಂತರ ‘ಕ್ಲೌಡ್’ ಬಂದಿತು. ಹೆಸರು ಮೇಘವಾದರೂ ವಾಸ ನೆಲದ ಮೇಲೆಯೇ; ದೂರದ ಕಟ್ಟಡಗಳಲ್ಲಿರುವ ಯಂತ್ರಗಳ ಉಗ್ರಾಣವದು. ಡ್ರಾಪ್‌ಬಾಕ್ಸ್ 2008ರಲ್ಲಿ, ಆಪಲ್‌ನ ಐಕ್ಲೌಡ್ 2011ರಲ್ಲಿ, ಗೂಗಲ್ ಫೋಟೋಸ್ 2015ರಲ್ಲಿ ಆರಂಭವಾದುವು. ಕಡಲ ನೀರು ಮೇಲೇರದೆ ಮೋಡ ಕಟ್ಟೀತೆ? ಈ ಮೇಘಕ್ಕೆ ನೀರೇರಿಸುವವರು ನಾವೇ. ಗೃಹಪ್ರವೇಶದ 200 ಚಿತ್ರಗಳು ಜೇಬಿನ ಫೋನಿನಿಂದ ತಾವಾಗಿಯೇ ಏರತೊಡಗುತ್ತವೆ. ಒಂದೊಂದು 4 ಮೆಗಾಬೈಟ್ ಎಂದರೆ 32 ಮೆಗಾಬಿಟ್. 1 ಮೆಗಾಬಿಟ್ಟಿನ ದಾರಿಯಲ್ಲಿ ಎಲ್ಲವೂ ಏರಲು ಒಂದು ಮುಕ್ಕಾಲು ಗಂಟೆ ಬೇಕು.

ಏರಲಿ ಬಿಡಿ, ನಮಗೇನು ಎನ್ನುವಿರಾ? ಅದೇ ಹೊತ್ತಿನಲ್ಲಿ ಒಳಕೋಣೆಯಲ್ಲಿ ಮಗಳು ನೋಡುತ್ತಿದ್ದ ಪಾಠ ತಡವರಿಸುತ್ತದೆ. ಬರುವ ದಾರಿ ಬರಿದಾಗಿಯೇ ಇದೆ. ಆದರೂ ಪಾಠ ಬಾರದು! ಕಾರಣವಿಷ್ಟೆ: ಅಂತರಜಾಲದಲ್ಲಿ ಸಾಮಗ್ರಿಯು ಸಣ್ಣ ಸಣ್ಣ ಕಟ್ಟುಗಳಾಗಿ ಬರುತ್ತದೆ. ಕೆಲವು ಕಟ್ಟು ಮುಟ್ಟಿದುವೆಂದು ನಮ್ಮ ಕಡೆಯಿಂದ ರಸೀತಿ ಹೋಗಬೇಕು. ಹೋಗದಿದ್ದರೆ ಕಳುಹಿಸುವವನು ಕೈ ತಡೆಯುತ್ತಾನೆ. ಆ ಪುಟ್ಟ ರಸೀತಿಯೋ, ಮನೆಯ ರೌಟರ್ ಪೆಟ್ಟಿಗೆಯಲ್ಲಿ ಗೃಹಪ್ರವೇಶದ ಚಿತ್ರಗಳ ಹಿಂದೆ ಸಾಲಿನಲ್ಲಿ ನಿಂತಿರುತ್ತದೆ. ಒಂದು ಕಟ್ಟೂ ಬಿದ್ದುಹೋಗಬಾರದೆಂದು ತಯಾರಕರು ಪೆಟ್ಟಿಗೆಯಲ್ಲಿ ಧಾರಾಳವಾಗಿ ಸ್ಥಳವಿಟ್ಟರು, ಸಾಲು ಬೆಳೆಯಿತು. ಅಮೆರಿಕದ ಜಿಮ್ ಗೆಟ್ಟಿಸ್ ಅವರು 2010ರ ಸುಮಾರಿಗೆ ‘ಬಫರ್‌ಬ್ಲೋಟ್’ ಎಂಬ ಹೆಸರಿನಿಂದ ಈ ರೋಗವನ್ನು ಬೆಳಕಿಗೆ ತಂದರು. ಹೊಟ್ಟೆಯುಬ್ಬರ ಎಂದರೆ ನಮ್ಮವರಿಗೆ ಬೇಗ ತಿಳಿದೀತು. ಕ್ಯಾಥ್ಲೀನ್ ನಿಕೋಲ್ಸ್ ಮತ್ತು ವ್ಯಾನ್ ಜೇಕಬ್‌ಸನ್ 2012ರಲ್ಲಿ ಸೂಚಿಸಿದ ಮದ್ದು ವಿಚಿತ್ರವಾದುದು: ಕಾಯುವ ಕಾಲ 5 ಮಿಲಿಸೆಕೆಂಡನ್ನು ಮೀರಿಯೇ ನಡೆದರೆ ಕೆಲವು ಕಟ್ಟುಗಳನ್ನು ಬಿಸಾಡುವುದು. ನಷ್ಟವನ್ನು ಕಂಡು ಕಳುಹಿಸುವವನು ವೇಗ ತಗ್ಗಿಸುತ್ತಾನೆ. ಬಿಸಾಡಿದುದನ್ನು ಮತ್ತೆ ಕಳುಹಿಸುತ್ತಾನಾದ್ದರಿಂದ ಚಿತ್ರವೇನೂ ಕೆಡುವುದಿಲ್ಲ.

2020ರಲ್ಲಿ ಶಾಲೆಗಳು ಮುಚ್ಚಿದಾಗ ಉಪಾಧ್ಯಾಯರ ಮನೆಗಳೇ ಒಂದೊಂದು ನಿಲಯವಾದುವು. ಹೋಗುವ ದಾರಿಯ ಕಿರಿದುತನ ಆಗ ಎಲ್ಲರಿಗೂ ತಿಳಿಯಿತು. ಇಂದಿನ ಗಾಜಿನೆಳೆಯ ತಂತಿಗಳು ಎಷ್ಟೋ ವಿಶಾಲ. ಅಲ್ಲಿಯೂ ಜಿಪಾನ್ ಎಂಬ ಪದ್ಧತಿಯಲ್ಲಿ ಹಲವು ಮನೆಗಳು ಹಂಚಿಕೊಳ್ಳುವ ದಾರಿ ಬರುವುದಕ್ಕೆ ಎರಡು ಪಾಲು, ಹೋಗುವುದಕ್ಕೆ ಒಂದು. ಚಿತ್ರಗಳನ್ನು ಮೇಘಕ್ಕೆ ಏರಿಸುವ ಕೆಲಸವನ್ನು ರಾತ್ರಿ ಎಲ್ಲರೂ ಮಲಗಿದ ಮೇಲೆ ಇಟ್ಟುಕೊಳ್ಳಿ. ಹೊಸ ಸಂಪರ್ಕ ಕೊಡಲು ಬಂದವನು ‘ನೂರು’ ಎಂದರೆ, ಬರುವುದಕ್ಕೆ ಮಾತ್ರ ನೂರೋ, ಹೋಗುವುದಕ್ಕೂ ನೂರೋ ಎಂದು ಕೇಳಿ, ಬರೆಸಿಕೊಳ್ಳಿ.